ನಿನ್ನ ಅಳಿಯನ ಕಿರಿಕಿರಿ

ಹೊನ್ನಾವರ
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಮಹಾಲಕ್ಷ್ಮೀ,

ಇಲ್ಲಿ ನಾನು ಕ್ಷೇಮ. ನನ್ನ ಮನೆಯಲ್ಲಿರುವ ನಿನ್ನ ಮಗಳೂ ಈಗ ಕ್ಷೇಮ. ಆ ‘ಈಗ’ ಎಂಬ ಮಾತನ್ನು ದಾಟಿ ಓಡಬೇಡ, ಒಂದು ಗಳಿಗೆ ಅಲ್ಲೇ ನಿಲ್ಲು. ಅದನ್ನು ನಿನಗೆ ತಿಳಿಸುವುದಕ್ಕಾಗಿಯೇ ಈ ಕಾಗದ.

ಕೈಯಲ್ಲಿ ಫೋನು ಇರುವಾಗ ಇವಳಿಗೆ ಕಾಗದದ ಹುಚ್ಚು ಎಲ್ಲಿಂದ ಹತ್ತಿತು ಎಂದು ನೀನು ಗೊಣಗುತ್ತಿರುತ್ತೀ. ಫೋನಿನಲ್ಲಿ ನೀನು ಯಾರ ಮಾತನ್ನಾದರೂ ಪೂರ್ತಿ ಕೇಳಿದ್ದುಂಟೇನೇ? ನಾನು ಅರ್ಧ ಹೇಳುವುದರೊಳಗೆ ನೀನು ಉಳಿದರ್ಧ ಹೇಳಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಕುಕ್ಕರ್ ಕೂಗಿತು ಎಂದು ಇಟ್ಟುಬಿಡುತ್ತೀ. ಮೇಲಾಗಿ ಸ್ಪೀಕರ್ ಹಾಕದೆ ಮಾತಾಡಿ ನಿನಗೆ ಅಭ್ಯಾಸವಿಲ್ಲ. ನಿನ್ನ ಗಂಡ ಹರಿಹರ ಭಾವನಿಗೂ ಕೇಳಬೇಕು, ಜಗಲಿಗೆ ಬಂದವರಿಗೂ ಕೇಳಬೇಕು. ಕಾಗದಕ್ಕೆ ಸ್ಪೀಕರ್ ಇಲ್ಲ. ಕನ್ನಡಕ ಹುಡುಕಿಕೊಂಡು, ಕೋಣೆಯ ಬಾಗಿಲು ಹಾಕಿ, ಒಬ್ಬಳೇ ಓದು. ನಮ್ಮಲ್ಲಿಂದ ತೆಂಗಿನಕಾಯಿ ಒಯ್ಯುವ ಈರ ನಾಳೆ ಕುಮಟೆಗೆ ಬರುತ್ತಾನೆ, ನಿನ್ನ ಕೈಗೇ ಕೊಡಬೇಕೆಂದು ಅವನಿಗೆ ಹೇಳಿದ್ದೇನೆ.

ಮಧುರಾ ಸೋಮವಾರ ನನ್ನ ಮನೆಗೆ ಬಂದಳು, ನಾಲ್ಕು ದಿನ ಇದ್ದು ಹೋಗುತ್ತಾಳೆ ಎಂದು ನಿನಗೆ ಫೋನಿನಲ್ಲಿ ಹೇಳಿದೆವು. ನೀನು ಹಿಗ್ಗಿ, ನನ್ನ ಮಗಳಿಗೆ ಎಲ್ಲರೂ ಬೇಕು ನೋಡು ಎಂದೆ. ನಾಲ್ಕು ದಿನ ಎಂದದ್ದು ಸುಳ್ಳು. ಅವಳಿಗೆ ಭಟ್ಕಳದ ಆ ಮನೆಗೆ ವಾಪಸು ಹೋಗುವ ಮನಸ್ಸಿಲ್ಲ. ಭಾನುವಾರ ನರೇಶ ಕರೆದೊಯ್ಯಲು ಬರುತ್ತಾನೆ. ಅವನು ಬರುವುದರೊಳಗೆ ನೀನು ಬರಬೇಕು. ಬಂದು, ಇವಳು ನನ್ನ ಮಗಳು, ನನ್ನ ಮನೆಗೆ ಬರುತ್ತಾಳೆ ಎಂದು ಅವನೆದುರು ಹೇಳಬೇಕು. ನಾನು ಹೇಳಿದರೆ ಅದಕ್ಕೆ ಬೆಲೆಯಿಲ್ಲ. ನಾನು ಯಾರು ಅವಳಿಗೆ? ಅವಳ ಆಯಿಯ ಗೆಳತಿ, ಅಷ್ಟೆ.

ಈಗ ನಿನ್ನ ಮುಖ ಹೇಗಾಗಿದೆ ಎಂದು ಇಲ್ಲಿಂದಲೇ ಕಾಣುತ್ತಿದೆ. ಹೊಡೆದನೇ ಎಂದು ನೀನು ಮೊದಲು ಕೇಳುತ್ತೀ. ಇಲ್ಲ. ಕುಡಿಯುತ್ತಾನೆಯೇ? ಇಲ್ಲ. ಬೇರೆ ಹೆಣ್ಣು? ಇಲ್ಲ. ಮತ್ತೆ ಎಂತದು ಇವಳಿಗೆ ಕಷ್ಟ ಎಂದು ನೀನು ಕಾಗದ ಮಡಿಸಿಡಬೇಡ. ಅವಳ ಕಷ್ಟ ಏನೆಂದು ನಿನಗೆ ಗೊತ್ತಿದೆ. ಅದನ್ನು ನನಗೆ ಹೇಳಿದವಳೇ ನೀನು, ಎರಡು ವರ್ಷದಿಂದ, ಬುಧವಾರ ಬುಧವಾರ, ಕೈಯಲ್ಲಿ ಕಷಾಯದ ಲೋಟ ಹಿಡಿದುಕೊಂಡು.

ನಿನಗೆ ತಿಳಿದ ಸಂಗತಿಯನ್ನೇ ಒಮ್ಮೆ ಬರೆಯುತ್ತೇನೆ, ಬೇಸರಿಸಬೇಡ. ಬರೆಯದಿದ್ದರೆ ಮುಂದಿನದು ನನಗೇ ಸ್ಪಷ್ಟವಾಗುವುದಿಲ್ಲ. ನೀನು, ನಾನು, ದೇವಿ, ನಾಗವೇಣಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಈಗ ಬುಧವಾರಕ್ಕೊಮ್ಮೆ ಕುಮಟೆಯ ದೇವಿಯ ಮನೆಯಲ್ಲಿ ಸೇರಿ ಲಲಿತಾ ಸಹಸ್ರನಾಮ ಹೇಳುತ್ತೇವೆ. ಅದನ್ನು ಓಡಿಸಿಕೊಂಡು ಹೇಳಿ ಮುಗಿಸುತ್ತೇವೆ. ಆಮೇಲೆ ಕಷಾಯ ಬರುತ್ತದೆ, ಕಬ್ಬಿನ ರಸದ ತೊಡದೇವು ಬರುತ್ತದೆ, ನಮ್ಮ ನಿಜವಾದ ಪಾರಾಯಣ ಶುರುವಾಗುತ್ತದೆ. ಒಳ್ಳೆಯದನ್ನು ಒಳ್ಳೆಯದು ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ನಮ್ಮ ಆಯಿಯಂದಿರು ಹೆದರಿಸಿ ಬೆಳೆಸಿದರು. ಹಾಗಂತ ಹೇಳಿಕೊಳ್ಳದೆ ಇರುವುದು ನಮ್ಮಿಂದ ಆಗುವ ಕೆಲಸವೇ? ಆದ್ದರಿಂದ ಇದ್ದಬದ್ದ ಸುಖವನ್ನೆಲ್ಲ ಕಿರಿಕಿರಿ ಎಂಬ ಹೆಸರಿನಲ್ಲಿ ಹೇಳುವುದನ್ನು ರೂಢಿ ಮಾಡಿಕೊಂಡೆವು.

ದೇವಿಯ ಮಗ ತಂದ ಫ್ರಿಜ್ಜು ನೆನಪಿದೆಯಲ್ಲ. “ಎಂತ ಕಿರಿಕಿರಿ ಮಾರಾಯ್ತಿ, ಅಡುಗೆಮನೆ ಬಾಗ್ಲಲ್ಲಿ ಹಿಡಸ್ತಿಲ್ಲೆ, ದಾರಂದ ಒಡೆಸಕ್ಕಾತು” ಎಂದು ಎಷ್ಟು ಸಲ ಹೇಳಿದಳು. ನಾಗವೇಣಿಗೆ ಮೊಮ್ಮಗ ಗೆದ್ದು ತಂದ ಕಪ್ಪುಗಳ ಧೂಳು ಒರೆಸಿ ಒರೆಸಿ ಕೈನೋವು. ನಿನಗೆ ಹರಿಹರ ಭಾವನಿಗೆ ಹೊದೆಸಿದ ಸನ್ಮಾನದ ಶಾಲುಗಳನ್ನು ಎಲ್ಲಿಡುವುದೆಂಬ ಚಿಂತೆ, ಕಪಾಟು ತುಂಬಿ ಹೋಗಿದೆ, ಒಂದು ಹಣ್ಣಿನ ಬುಟ್ಟಿಯನ್ನಾದರೂ ಕೊಡಬಾರದೇ ಈ ಜನ ಎಂದು. ಯಾರ ಗೋಳು ದೊಡ್ಡದೋ ಅವಳೇ ಆ ದಿನದ ಭಾಗ್ಯವಂತೆ. ಗೋಳು ಕೇಳಿ ಉಳಿದವರು “ಎಂತ ಪುಣ್ಯ ನಿಂದು” ಎನ್ನಬೇಕು, ಕೂಡಲೇ ತಮ್ಮದೊಂದು ಇನ್ನೂ ದೊಡ್ಡ ಗೋಳು ತೆಗೆಯಬೇಕು.

ನನ್ನ ಸರಕು ಒಂದೇ, ನಮ್ಮನೆಯವರು. ರಮಾನಂದರು ಬಿಸಿಲಿಗೆ ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಪೇಟೆಗೆ ನಾನು ಹೋಗಬೇಕಾಗಿರಲಿಲ್ಲ, ಸೀರೆಯಿಂದ ಸೂಜಿಯವರೆಗೆ ಅವರೇ ತರುತ್ತಿದ್ದರು. ಕುಮಟೆಗೆ, ತವರಿಗೋ ದೇವಿಯ ಮನೆಗೋ ಹೊರಟರೆ ಬಸ್ಸಿನಲ್ಲಿ ಪಕ್ಕ ಕೂತು ತಂದುಬಿಟ್ಟು, ಸಂಜೆಯೊಳಗೆ ಕರೆದೊಯ್ಯಲು ನಿಂತಿರುತ್ತಿದ್ದರು. ಇದನ್ನೆಲ್ಲ ನಾನು ಕಿರಿಕಿರಿ ಎಂದೇ ಹೇಳಿದೆ, ನೀವು ಪುಣ್ಯ ಎಂದೇ ಕೇಳಿದಿರಿ. ಅವರು ತೀರಿಕೊಂಡು ಈಗ ನಾಲ್ಕು ವರ್ಷ. ಆಮೇಲೂ ಆ ವಿಷಯದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಮಧುರಾಳ ಮದುವೆಯಾಗುವ ತನಕ.

ಆಮೇಲೆ ನೀನು ನಿನ್ನ ಅಳಿಯನ ಕಿರಿಕಿರಿ ಹೇಳಲು ಶುರು ಮಾಡಿದೆ. ಮುರ್ಡೇಶ್ವರದ ಹೋಟೆಲಿನಲ್ಲಿ ಮ್ಯಾನೇಜರ್, ಅಷ್ಟು ಜನರನ್ನು ಆಳುವವನು, ಮನೆಗೆ ಬಂದರೆ ಹೆಂಡತಿಯ ಹಿಂದೆಯೇ. ಶಾಲೆಯ ಕೆಲಸ ಬಿಡಿಸಿದ, ಆಯಾಸ ಆಗುತ್ತದಂತೆ. ಅವಳ ಕೈಗೆ ಫೋನು ಕೊಡುವುದಿಲ್ಲ, ಕಣ್ಣು ಹಾಳಾಗುತ್ತದಂತೆ. ಕೊತ್ತಂಬರಿ ಸೊಪ್ಪು ಸಹ ಅವನೇ ತರುವುದು. “ಒಬ್ಬಳನ್ನೇ ಎಲ್ಲೂ ಬಿಡ್ತ್ನಿಲ್ಲೆ ಮಾರಾಯ್ತಿ, ಯಂಗೆ ಮಗಳ ಹತ್ರ ಎರಡು ಮಾತಾಡಲೂ ಪುರಸೊತ್ತು ಕೊಡ್ತ್ನಿಲ್ಲೆ” ಎಂದು ನೀನು ಹಣೆ ಹಣೆ ಬಡಿದುಕೊಂಡೆ. ಆ ದಿನ ನಾನು ಸೋತೆ ಎಂದು ನನಗೂ ಗೊತ್ತಾಯಿತು, ನಿನಗೂ ಗೊತ್ತಾಯಿತು.

ನಿಜ ಹೇಳುತ್ತೇನೆ, ಸಿಟ್ಟು ಮಾಡಿಕೊ ಬೇಕಾದರೆ. ಅಂದಿನಿಂದ ನಿನ್ನ ಮಾತನ್ನು ನಾನು ಎದುರಾಳಿಯ ಕಿವಿಯಿಂದಲೇ ಕೇಳಿದೆ. ಎಲ್ಲಿ ಉತ್ಪ್ರೇಕ್ಷೆ ಮಾಡಿದಳು, ಎಲ್ಲಿ ಕಳೆದ ವಾರ ಹೇಳಿದ್ದಕ್ಕೂ ಈ ವಾರದ್ದಕ್ಕೂ ತಾಳೆಯಾಗುವುದಿಲ್ಲ ಎಂದು ಹೊಂಚುತ್ತಿದ್ದೆ. ದೇವಿಗೂ ನಾಗವೇಣಿಗೂ ತಮ್ಮ ಸರದಿ ಯಾವಾಗ ಬರುತ್ತದೆಂಬುದೇ ಯೋಚನೆ, ಅವರ ಕಿವಿಗೆ ಏನೂ ಹೋಗುವುದಿಲ್ಲ. ನಿನ್ನ ಒಂದೊಂದು ಮಾತನ್ನೂ ಮನಸ್ಸಿಟ್ಟು ಕೇಳಿದವಳು ನಾನೊಬ್ಬಳೇ. ತಾಳೆಯಾಗದ್ದು ಯಾವುದೂ ಸಿಗಲಿಲ್ಲ. ಎಲ್ಲ ತಾಳೆಯಾಗುತ್ತಲೇ ಹೋಯಿತು, ಅದೇ ನನ್ನ ನಿದ್ದೆ ಕೆಡಿಸಿತು.

ದೀಪಾವಳಿ ಕಳೆದ ಮೇಲಿನ ಬುಧವಾರ ಮಧುರಾಳನ್ನು ನೀನು ದೇವಿಯ ಮನೆಗೆ ಕರೆತಂದೆಯಲ್ಲ. ನರೇಶ ಒಳಗೆ ಬರಲಿಲ್ಲ, ರಸ್ತೆಯ ಆಚೆ ಕಾರಿನಲ್ಲಿ ಕೂತಿದ್ದ. ಮಾತಿನ ನಡುವೆ ಮಧುರಾ ತಾನಾಗಿ ಬಾಯಿಬಿಟ್ಟಳು. “ಯನ್ನ ಅಂವ ಒಬ್ಬಳನ್ನೇ ಹೊರಗೆ ಹೋಪಲೆ ಬಿಡ್ತ್ನಿಲ್ಲೆ. ಗೇಟಿಗೆ ಬೀಗ ಹಾಕಿಕ್ಕಿ ಕೆಲಸಕ್ಕೆ ಹೋಗ್ತ” ಎಂದಳು. ನಗುತ್ತ ಹೇಳಲಿಲ್ಲ, ಹಣೆ ಬಡಿದುಕೊಳ್ಳಲಿಲ್ಲ, ಮಾರಾಯ್ತಿ ಎನ್ನಲಿಲ್ಲ. ಕಾಯಿಲೆಯವರು ಡಾಕ್ಟರ ಎದುರು ಹೇಳುವಂತೆ ಹೇಳಿದಳು. ನಾವು ಎಂತ ಮಾಡಿದೆವು? ದೇವಿ ಎಂತ ಪುಣ್ಯ ಎಂದಳು. ನಾಗವೇಣಿ ತನ್ನ ಅಳಿಯ ಬಚ್ಚಲ ಬಾಗಿಲಲ್ಲೇ ಟವೆಲು ಹಿಡಿದು ನಿಲ್ಲುವ ಕಥೆ ತೆಗೆದಳು. ನೀನು ಮಗಳ ಬೆನ್ನು ತಟ್ಟಿ ನಮ್ಮೆಲ್ಲರ ಮುಖ ನೋಡಿದೆ, ಕೇಳಿದಿರಲ್ಲ ಎಂಬಂತೆ. ನನ್ನ ಬಾಯಿಯೂ ಸುಮ್ಮನಿರಲಿಲ್ಲ. ನಮ್ಮನೆಯವರೂ ಹಾಗೇ ಇದ್ದಿದ್ದರು ಎಂದುಬಿಟ್ಟೆ.

ಮಧುರಾ ಮೊದಲು ಕಿಟಕಿಯಿಂದ ಕಾರಿನ ಕಡೆ ನೋಡಿದಳು, ಆಮೇಲೆ ನಮ್ಮ ಜೊತೆ ನಕ್ಕಳು. ಆ ನಗೆಯನ್ನು ನೀನು ನೋಡಲಿಲ್ಲ, ತೊಡದೇವು ಮುರಿಯುತ್ತಿದ್ದೆ. ಲೋಟ ತೊಳೆಯಲು ನಾನು ಒಳಗೆ ಹೋದಾಗ ಅವಳು ಹಿಂದೆಯೇ ಬಂದಳು. ನಲ್ಲಿಯ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸದಂತೆ, “ಚಿಕ್ಕಿ, ನಿಂಗೆ ಉಸಿರು ಕಟ್ತಿತ್ತಿಲ್ಯ?” ಎಂದು ಕೇಳಿದಳು.

ಮಹಾಲಕ್ಷ್ಮೀ, ಮದುವೆಯಾದಂದಿನಿಂದ ಆ ಪ್ರಶ್ನೆಯನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ನೀನು ಕೇಳಲಿಲ್ಲ, ನನ್ನ ಆಯಿ ಕೇಳಲಿಲ್ಲ, ನನ್ನ ಮಗ ಪ್ರದೀಪ ಕೇಳಲಿಲ್ಲ. ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ. ನೀರು ಹರಿಯುತ್ತಲೇ ಇತ್ತು, ನಾನು ಲೋಟ ಒರೆಸಿ ಇಟ್ಟೆ.

ಉತ್ತರವನ್ನು ನಿನಗೆ ಬರೆಯುತ್ತೇನೆ. ಕಟ್ಟುತ್ತಿತ್ತು. ರಮಾನಂದರು ಹೋದ ಮೇಲೆ ಒಂದು ದಿನ ಚಪ್ಪಲಿ ಹರಿದು ಹೋಯಿತು. ಹೊನ್ನಾವರದ ಪೇಟೆಯಲ್ಲಿ ಅಂಗಡಿಗೆ ಹೋದೆ. ಅಂಗಡಿಯವ ಯಾವ ನಂಬರು ಅಮ್ಮ ಎಂದ. ನನಗೆ ಗೊತ್ತಿರಲಿಲ್ಲ. ಅಷ್ಟು ವಯಸ್ಸಿನ ಹೆಂಗಸಿಗೆ ತನ್ನ ಕಾಲಿನ ಅಳತೆ ಗೊತ್ತಿಲ್ಲವೆಂದರೆ ಅವನಾದರೂ ಏನು ಮಾಡಬೇಕು, ಪಾಪ, ಕಾಲು ಇಲ್ಲಿಡಿ ಎಂದು ಅಳೆದ. ಆಗ ತಿಳಿಯಿತು, ಇಷ್ಟು ಕಾಲ ನಾನು ಹಾಕಿದ್ದು ಒಂದು ಅಳತೆ ಚಿಕ್ಕದು. ಹೆಬ್ಬೆರಳ ಪಕ್ಕದ ಗಂಟಿಗೆ ನಾನು ಎಣ್ಣೆ ಹಚ್ಚುತ್ತಿದ್ದೆನಲ್ಲ, ನೀನೇ ಯಾವುದೋ ನಾಟಿ ಔಷಧ ತಂದುಕೊಟ್ಟಿದ್ದೆಯಲ್ಲ, ಅದು ವಾತವಲ್ಲ. ನೋಯುತ್ತದೆ ಎಂದು ಮೊದಲ ವರ್ಷ ಅವರಿಗೆ ಹೇಳಿದ್ದೆ. ನಿನ್ನ ಕಾಲು ಎಷ್ಟು ಚಂದ, ದೊಡ್ಡ ಚಪ್ಪಲಿ ಒಪ್ಪುವುದಿಲ್ಲ ಎಂದಿದ್ದರು. ಅದನ್ನೂ ನಿಮ್ಮೆದುರು ಹೇಳಿಕೊಂಡಿದ್ದೆ. ಎಂತ ಪುಣ್ಯ ಎಂದು ಎಲ್ಲರಿಗಿಂತ ಮೊದಲು ಅಂದವಳು ನೀನು.

ಅವರು ಕೆಟ್ಟವರೆಂದು ಬರೆಯಲು ಕೈ ಬರುವುದಿಲ್ಲ. ಗದರಿದವರಲ್ಲ. ನನಗೆ ಜ್ವರ ಬಂದರೆ ಅವರೂ ಊಟ ಬಿಡುತ್ತಿದ್ದರು. ಆದರೆ ನನ್ನದೆಂದು ಹೇಳಿಕೊಳ್ಳುವ ಒಂದು ಇಷ್ಟ, ಒಂದು ಬೇಡ, ಒಂದು ತಿರುಗಾಟ ನನಗೆ ಇರಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಹೊರಗೆ ಬಂದದ್ದು ಬಡಾಯಿಯೇ. ಏಕೆಂದರೆ ಕಷ್ಟ ಹೇಳುವ ಮಾತುಗಳನ್ನೆಲ್ಲ ನಾವು ನಾಲ್ವರು ಸುಖಕ್ಕೆ ಕೊಟ್ಟು ಕೂತಿದ್ದೆವು. ನಿಜವಾಗಿ ಉರಿಯುವಾಗ ಅಯ್ಯೋ ಎಂದರೂ ಜನ ಚಪ್ಪಾಳೆ ತಟ್ಟುವ ಹಾಗೆ ಮಾಡಿಕೊಂಡೆವು.

ಸೋಮವಾರ ನಾನು ಯಾರಿಗೂ ಹೇಳದೆ ಭಟ್ಕಳದ ಬಸ್ಸು ಹತ್ತಿದೆ. ಅಲ್ಲಿಂದ ರಿಕ್ಷಾ ಮಾಡಿಕೊಂಡು ಜಾಲಿ ಕಡೆ ಇರುವ ಅವಳ ಮನೆಗೆ. ಗೇಟಿಗೆ ಹೊರಗಿನಿಂದ ಬೀಗ. ಅದನ್ನು ನೀನೂ ನೋಡಿದ್ದೀ, ಕಳ್ಳರ ಭಯಕ್ಕೆ ಎಂದು ನಮಗೆ ಹೇಳಿದ್ದೀ. ಮಧುರಾ ಕಿಟಕಿಯ ಸರಳು ಹಿಡಿದು ನಿಂತು, ಅಂವ ಊಟಕ್ಕೆ ಬತ್ತ ಚಿಕ್ಕಿ, ಅಲ್ಲೀವರೆಗೆ ನೀನು ಎಲ್ಲಿ ಕೂತ್ಕತ್ತೆ ಎಂದು ನನ್ನ ಬಗ್ಗೆ ಚಿಂತೆ ಮಾಡಿದಳು. ಪಕ್ಕದ ಮನೆಯ ನವಾಯತ ಮುಸ್ಲಿಂ ಹೆಂಗಸು ಒಳಗೆ ಕರೆದು ಕೂರಿಸಿ ಶರಬತ್ತು ಕೊಟ್ಟಳು. ಆಕೆ ಹೆಚ್ಚು ಮಾತಾಡಲಿಲ್ಲ. ನಿಮ್ಮ ಹುಡುಗಿ ಹಬ್ಬಕ್ಕೆ ನಮ್ಮನೆಗೆ ಒಂದು ಸಲವೂ ಬರಲಿಲ್ಲ, ಗೋಡೆ ಮೇಲಿಂದ ಕೊಟ್ಟರೆ ತಗೊಳ್ಳೋಕೂ ಹೆದರ್ತಾಳೆ ಎಂದಳು, ಅಷ್ಟೆ.

ನರೇಶ ಬಂದ. ಕಾಲಿಗೆ ನಮಸ್ಕಾರ ಮಾಡಿದ, ಒಂದು ಫೋನು ಮಾಡಿದ್ದರೆ ಕಾರು ತರುತ್ತಿದ್ದೆನಲ್ಲ ಚಿಕ್ಕಿ ಎಂದ. ಎಷ್ಟು ನಯವಾದ ಹುಡುಗ. ನಾನು ಜಗಳಕ್ಕೆ ನಿಂತಿದ್ದರೆ ಕಾಫಿ ಕೊಟ್ಟು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದ. ಆದ್ದರಿಂದ ನನಗೆ ಬರುವ ಒಂದೇ ವಿದ್ಯೆಯನ್ನು ತೆಗೆದೆ. ನನ್ನ ಮನೆಯಲ್ಲಿ ಪೂಜೆ, ಎಲ್ಲರೂ ಮಗಳಂದಿರನ್ನು ಕಳಿಸುತ್ತಿದ್ದಾರೆ, ಇದೊಂದು ದೊಡ್ಡ ಕಿರಿಕಿರಿ ಆಗಿದೆ ನೋಡು ನರೇಶ ಎಂದೆ. ನಿನ್ನತ್ತೆ ನಿನ್ನ ವಿಷಯ ಹೇಳಿ ಹೇಳಿ ಕುಮಟೆಯಲ್ಲಿ ನಿನಗೆ ದೊಡ್ಡ ಹೆಸರು, ಅಂಥ ಅಳಿಯ ಇಲ್ಲವೆಂದು. ಇವಳೊಬ್ಬಳು ಬರದಿದ್ದರೆ ನಾಗವೇಣಿಯ ಬಾಯಿ ನಿನಗೆ ಗೊತ್ತಲ್ಲ, ಅಂವ ಕಳಿಸುವವನಲ್ಲ ಎಂದು ಆಡಿಕೊಳ್ಳುತ್ತಾಳೆ, ಅದನ್ನು ಕೇಳಿಸಿಕೊಂಡು ನಾನು ಹೇಗೆ ಕೂರಲಿ ಎಂದೆ. ಅವನ ಕಿವಿ ಕೆಂಪಾಯಿತು. ಅವನಿಗೆ ಹೆಂಡತಿಗಿಂತ ತನ್ನ ಹೆಸರು ದೊಡ್ಡದು. ಅರ್ಧ ದಿನ ರಜೆ ಹಾಕಿ, ಕಾರಿನಲ್ಲಿ ನಮ್ಮಿಬ್ಬರನ್ನೂ ಅವನೇ ಹೊನ್ನಾವರಕ್ಕೆ ತಂದುಬಿಟ್ಟ. ನೀನು ಅವನನ್ನು ಹೊಗಳಿದ್ದು ಹೀಗೆ ಒಂದು ಸಲ ನಿನ್ನ ಮಗಳ ಉಪಯೋಗಕ್ಕೆ ಬಂತು. ಪೂಜೆಯೂ ಇಲ್ಲ, ಮಗಳಂದಿರೂ ಇಲ್ಲ ಎಂದು ಭಾನುವಾರ ಅವನಿಗೆ ಗೊತ್ತಾಗುತ್ತದೆ.

ಇಲ್ಲಿಗೆ ಬಂದ ಮೇಲೆ ಹೇಗಿದ್ದಾಳೆ ಎಂದು ಹೇಳುತ್ತೇನೆ. ಮೊದಲ ದಿನ ಪ್ರತಿಯೊಂದಕ್ಕೂ ಕೇಳುತ್ತಿದ್ದಳು. ಸ್ನಾನಕ್ಕೆ ಹೋಗಲಾ ಚಿಕ್ಕಿ, ಫ್ಯಾನು ಹಾಕಲಾ, ಕೂತ್ಕಳ್ಳಲಾ. ಮಂಗಳವಾರ ಬೆಳಿಗ್ಗೆ ಅವಳ ಕೈಗೆ ದುಡ್ಡು ಕೊಟ್ಟು, ತಿರುವಿನಲ್ಲಿರುವ ರಾಮನ ಅಂಗಡಿಯಿಂದ ಯಾವುದಾದರೂ ತರಕಾರಿ ತಾ, ನಿನಗೆ ಬೇಕಾದ್ದು ಮಾಡೋಣ ಎಂದೆ. ಬಹಳ ಹೊತ್ತಾದರೂ ಬರಲಿಲ್ಲ. ನಾನೇ ಹೋಗಿ ನೋಡಿದರೆ ಅಂಗಡಿಯ ಎದುರು ನಿಂತಿದ್ದಾಳೆ, ಚೀಲ ಖಾಲಿ. ಬೆಂಡೆಕಾಯಿಯನ್ನೂ ಬದನೆಯನ್ನೂ ನೋಡುತ್ತಿದ್ದಾಳೆ. “ಯಾವ್ದು ತಗಳವು ಹೇಳಿ ಗೊತ್ತಾತಿಲ್ಲೆ ಚಿಕ್ಕಿ” ಎಂದು ಮನೆಗೆ ಬಂದು ಅತ್ತಳು. ಇದು ನಿನ್ನ ಮಧುರಾ. ಕುಮಟೆಯ ಸಂತೆಯಲ್ಲಿ ಈರುಳ್ಳಿ ಗೊಂಚಲಿಗೆ ಚೌಕಾಶಿ ಮಾಡಿ ಮಾರುವವಳನ್ನೇ ನಗಿಸುತ್ತಿದ್ದ ಹುಡುಗಿ. ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು.

ಇವತ್ತು ಬೆಂಡೆಕಾಯಿ ತಂದಳು. ಎಳೆಯದನ್ನೇ ಆರಿಸಿ ತಂದಿದ್ದಾಳೆ.

ಆಯಿಗೆ ಹೇಳಲಿಲ್ಲವೇನೇ ಎಂದು ಅವಳನ್ನು ಕೇಳಿದೆ. ಹೇಳಿದ್ದಾಳಂತೆ. ಚೌತಿ ಹಬ್ಬಕ್ಕೆ ಬಂದಾಗ ನಿನ್ನ ಮಗ್ಗುಲಲ್ಲಿ ಮಲಗಿ ಅತ್ತು ಹೇಳಿದ್ದಾಳಂತೆ. ಅಷ್ಟು ಪ್ರೀತಿ ಮಾಡುವ ಗಂಡ, ನಿಂಗೆ ಸೊಕ್ಕು ಎಂದೆಯಂತೆ. ಮುಂದಿನ ಬುಧವಾರ ದೇವಿಯ ಮನೆಯಲ್ಲಿ ನೀನು ನಮಗೆ ಏನು ಹೇಳಿದೆ ನೆನಪಿಸಿಕೊ. “ಗಂಡ ಒಂದು ರಾತ್ರಿ ಬಿಟ್ಟಿರಲೆ ಬಿಡ್ತ್ನಿಲ್ಲೆ ಹೇಳಿ ಅತ್ತು ಮಾರಾಯ್ತಿ, ಎಂತ ಕಿರಿಕಿರಿ” ಎಂದೆ. ನಾವು ನಕ್ಕೆವು. ಮಗಳು ಅತ್ತದ್ದನ್ನು ನೀನು ನಮಗೆ ತೊಡದೇವಿನ ಜೊತೆ ಬಡಿಸಿದೆ. ಇದನ್ನು ಬರೆಯುವಾಗ ನಿನ್ನ ಮೇಲೆ ಸಿಟ್ಟು ಬರುತ್ತಿದೆ, ಬಂದಷ್ಟೇ ಬೇಗ ಇಳಿಯುತ್ತದೆ. ನಾನು ನಿನ್ನ ಜಾಗದಲ್ಲಿದ್ದರೆ ಇನ್ನೂ ರಂಗಾಗಿ ಹೇಳುತ್ತಿದ್ದೆ.

ನೀನು ಅವಳನ್ನು ಪ್ರೀತಿಸುವುದಿಲ್ಲವೆಂದು ಅಲ್ಲ. ಹಾಗೆ ಬರೆದರೆ ನನ್ನ ಬಾಯಿಗೆ ಹುಳ ಬೀಳಲಿ. ನೀನು ಹೆದರುತ್ತೀ. ನರೇಶನಿಗೆ ಅಲ್ಲ, ಹರಿಹರ ಭಾವನಿಗೂ ಅಲ್ಲ. ಭಾವ ನಿನ್ನಷ್ಟು ಗಟ್ಟಿಯಲ್ಲ, ನೀನು ಹೂಂ ಎಂದರೆ ಅವರೂ ಹೂಂ. ನೀನು ಹೆದರುವುದು ನಮಗೆ. ದೇವಿಯ ಜಗಲಿಗೆ, ನಾಗವೇಣಿಯ ಬಾಯಿಗೆ, ಎಲ್ಲಕ್ಕಿಂತ ಹೆಚ್ಚು ನನಗೆ. ಎರಡು ವರ್ಷ ಅಷ್ಟೆಲ್ಲ ಹೇಳಿದ ಮೇಲೆ ಮಗಳನ್ನು ಮನೆಗೆ ತಂದು ಕೂರಿಸಿಕೊಂಡರೆ ಈ ಶರಾವತಿ ಏನು ಮುಖ ಮಾಡುತ್ತಾಳೆ, ಅಯ್ಯೋ ಪಾಪ ಎನ್ನುತ್ತ ಒಳಗೊಳಗೆ ಹೇಗೆ ಹಿಗ್ಗುತ್ತಾಳೆ ಎಂದು. ಅದಕ್ಕಾಗಿ ನೀನು ಅವಳನ್ನು ಇನ್ನೊಮ್ಮೆ ವಾಪಸು ಕಳಿಸುತ್ತೀಯೇನೋ ಎಂಬುದೇ ನನಗಿರುವ ಭಯ. ಇನ್ನೊಂದು ಸ್ವಲ್ಪ ದಿನ ನೋಡು, ಮಗುವಾದರೆ ಸರಿಹೋಗುತ್ತದೆ ಎನ್ನುತ್ತೀ. ನನಗೆ ಪ್ರದೀಪ ಹುಟ್ಟಿದ. ಏನೂ ಸರಿಹೋ‌ಗಲಿಲ್ಲ.

ನಾನು ಹಿಗ್ಗುತ್ತಿಲ್ಲ ಮಹಾಲಕ್ಷ್ಮೀ. ಹಿಗ್ಗುತ್ತೇನೆಂದು ನಾನೂ ಎಣಿಸಿದ್ದೆ. ಎಷ್ಟೋ ಬುಧವಾರ ಬಸ್ಸಿನಲ್ಲಿ ವಾಪಸು ಬರುವಾಗ ನಿನ್ನ ಅಳಿಯನ ಕಥೆ ಒಂದು ದಿನ ಮುರಿದು ಬೀಳಲಿ ಎಂದು ಬಯಸಿದ್ದುಂಟು. ಬಿದ್ದಾಗ ನೋಡಿದರೆ ಅದರ ಕೆಳಗೆ ಮಧುರಾ ಇದ್ದಳು. ಅವಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಅವಳನ್ನು ನಿನಗಿಂತ ಮೊದಲು ಎತ್ತಿಕೊಂಡವಳು ನಾನು, ಅದನ್ನಾದರೂ ನಂಬು.

ಶನಿವಾರ ಬಾ. ಫೋನು ಮಾಡಬೇಡ, ಮಾಡಿದರೆ ನೀನೇ ಮಾತಾಡುತ್ತೀ, ಅವಳು ಹೂಂಗುಟ್ಟುತ್ತಾಳೆ, ಕೊನೆಗೆ ಎಲ್ಲ ಸರಿಯಿದೆ ಎಂದು ಇಬ್ಬರೂ ಒಪ್ಪಿಕೊಂಡುಬಿಡುತ್ತೀರಿ. ಬಂದು ಅವಳೆದುರು ಕೂತು, ಅವಳು ಹೇಳುವುದು ಮುಗಿಯುವ ತನಕ ಬಾಯಿ ತೆರೆಯಬೇಡ. ಕಷ್ಟವೇ, ಗೊತ್ತು. ಬೇಕಾದರೆ ಬಾಯಿಗೆ ಎಲೆಯಡಿಕೆ ಹಾಕಿಕೊ.

ನೀನು ಬರದಿದ್ದರೆ ಭಾನುವಾರ ಬಾಗಿಲಲ್ಲಿ ನಾನೇ ನಿಲ್ಲುತ್ತೇನೆ. ಅವಳು ಎಷ್ಟು ದಿನ ಬೇಕಾದರೂ ಇಲ್ಲಿ ಇರಬಹುದು, ನನಗೆ ಯಾವ ಕಿರಿಕಿರಿಯೂ ಇಲ್ಲ. ಈ ಮಾತನ್ನು ನೇರ ಅರ್ಥದಲ್ಲೇ ಓದು. ಆದರೆ ಗೇಟಿನ ಸದ್ದಾದಾಗೆಲ್ಲ ಅವಳು ತಲೆಯೆತ್ತಿ ನೋಡುವುದು ನನ್ನ ದಾರಿಯನ್ನಲ್ಲ.

ನಿನ್ನ
ಶರಾವತಿ

ತಾ.ಕ.: ಇದನ್ನು ಬರೆಯುವುದು ಬೇಡವೆಂದಿದ್ದೆ. ಆದರೆ ನಿನಗೆ ಬೇರೆಯವರ ಬಾಯಿಂದ ತಿಳಿಯುವುದು ಸರಿಯಲ್ಲ. ನಿನ್ನೆ ನೀನು ಇಡಗುಂಜಿಗೆ ಹೋಗಿದ್ದೆಯಲ್ಲ, ನಾನು ದೇವಿಯ ಮನೆಗೆ ಹೋಗಿದ್ದೆ. ಅಲ್ಲಿ ರಮಾನಂದರ ವಿಷಯ ಹೇಳಿದೆ. ಚಪ್ಪಲಿಯದು, ಬಸ್ಸಿನದು, ಎಲ್ಲ. ದೇವಿ ಅಭ್ಯಾಸಬಲದಿಂದ ಎಂತ ಪುಣ್ಯ ಎಂದಳು. ಪುಣ್ಯವಲ್ಲ ದೇವಿ, ನಾನು ಅವರ ಜೊತೆ ಸುಖವಾಗಿ ಇರಲಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಆಮೇಲೆ ಯಾರೂ ಕಷಾಯ ಮುಟ್ಟಲಿಲ್ಲ. ನಾಗವೇಣಿ ಬೇಗ ಎದ್ದು ಹೋದಳು, ಅವಳು ಯಾಕೆ ಬೇಗ ಎದ್ದು ಹೋಗುತ್ತಾಳೆಂದು ನಿನಗೆ ಗೊತ್ತು. ಸಂಜೆಯೊಳಗೆ ಕಾರವಾರದಿಂದ ಪ್ರದೀಪನ ಫೋನು ಬಂತು, “ಆಯಿ, ಅಪ್ಪಯ್ಯನ ಹೆಸರು ಎಂತಕ್ಕೆ ತೆಗೆದೆ” ಎಂದು ಕೇಳಿದ. ಅವನಿಗೂ ಒಂದು ಕಾಗದ ಬರೆಯಬೇಕು. ದೇವಿಯ ಮನೆಯಲ್ಲಿ ಮಧುರಾಳ ಹೆಸರು ನಾನು ಎತ್ತಲಿಲ್ಲ. ಇನ್ನು ಕೆಲವು ತಿಂಗಳು ಕುಮಟೆಯವರಿಗೆ ಮಾತಾಡಲು ನನ್ನ ಸಂಸಾರ ಸಾಕು, ನಿನ್ನ ಮನೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಷ್ಟರಲ್ಲಿ ಬಂದು ಮಗಳನ್ನು ಕರೆದುಕೊಂಡು ಹೋಗು.